ತಂಪಿನ ಎಣ್ಣೆ

ಹೊಸಪೇಟೆ,
8 ಮಾರ್ಚ್ 1934

ಅಕ್ಕನಿಗೆ ಹಾಲಸ್ವಾಮಿಯ ಶರಣು.

ನನ್ನ ಮುಖವೊಂದನ್ನು ಬಿಟ್ಟು ಇಲ್ಲಿ ಉಳಿದದ್ದೆಲ್ಲ ಕ್ಷೇಮ. ನಮ್ಮ ಕಂಪನಿ ಹೊಸಪೇಟೆಯಲ್ಲಿ ತಗಡಿನ ಥಿಯೇಟರು ಹಾಕಿದ ಮೇಲೆ ಜನ ಗಾಡಿ ಕಟ್ಟಿಕೊಂಡು ನಾಟಕಕ್ಕೆ ಬರುತ್ತಿದ್ದಾರೆ. ಅವರೆಲ್ಲ ಬರುವುದು ರಾಣಿಯನ್ನು ನೋಡಲು, ರಾಣಿಯೆಂದರೆ ನಾನು. ಆ ರಾಣಿಯ ಹಣೆ, ಕಪಾಳ, ಕಿವಿಯ ಮುಂದೆ, ಎಲ್ಲೆಂದರಲ್ಲಿ ಮೊಡವೆ ಎದ್ದಿವೆ. ಒಂದೊಂದೂ ತೊಗರಿ ಕಾಳಿನಷ್ಟು ದಪ್ಪ. ಮುಟ್ಟಿದರೆ ಪ್ರಾಣ ಹೋಗುತ್ತದೆ.

ಬಿಳಿ ಸಫೇತಾ ಬಳಿದರೆ ಅವುಗಳ ಕೆಂಪು ಮುಚ್ಚುತ್ತದೆ, ಉಬ್ಬು ಮುಚ್ಚುವುದಿಲ್ಲ. ಗ್ಯಾಸ್ ಲೈಟು ಪಕ್ಕದಿಂದ ಬಿದ್ದರೆ ಪ್ರತಿ ಮೊಡವೆಗೂ ಒಂದು ನೆರಳು. ಹೋದ ಶನಿವಾರ ರಾಜನ ಪಾತ್ರದವರು ನನ್ನ ಗಲ್ಲ ಹಿಡಿದು, ಚಂದ್ರನಿಗೂ ಕಲೆಯುಂಟು, ನಿನ್ನ ಮೊಗಕ್ಕೆ ಇಲ್ಲ ಎನ್ನುವ ಮಾತು ಹೇಳುತ್ತಿದ್ದರು. ಮುಂದಿನ ಸಾಲಿನಿಂದ ಯಾವನೋ "ಸರೀಗೆ ನೋಡಲೇ ರಾಜಾ" ಎಂದ. ಥಿಯೇಟರು ಬಿದ್ದು ಬಿದ್ದು ನಕ್ಕಿತು. ನಾನು ಅಳುವ ಹಾಡು ಹಾಡಬೇಕಿತ್ತು, ನಿಜವಾಗಿಯೇ ಅತ್ತೆ.

ಮಾಲೀಕರಾದ ಮೈಲಾರಲಿಂಗಪ್ಪನವರು ಮರುದಿನ ಕರೆಸಿ ಕೂರಿಸಿಕೊಂಡು ಹೇಳಿದರು: "ಹಾಲಪ್ಪಾ, ಸಂಡೂರಿಗೆ ಹೋಗೋದ್ರಾಗ ಮುಖ ನೆಟ್ಟಗ ಮಾಡ್ಕೊ. ಇಲ್ಲಾಂದ್ರ ಪಂಪಣ್ಣ ಅದಾನ." ಪಂಪಣ್ಣ ಈಗ ರಾಣಿಯ ಸಖಿಯಾಗಿ ಚಾಮರ ಬೀಸುತ್ತಾನೆ. ಅವನ ದನಿ ಒಡಕು, ತಾಳ ಸುಮಾರು. ಆದರೆ ಮುಖ ಮಾತ್ರ ಬೆಣ್ಣೆ. ಟೋಪನ್ನಿನ ಸುಳ್ಳು ಕೂದಲು ಹಾಕಿಕೊಂಡು ಹೆಣ್ಣಾಗುವವರ ನಡುವೆ ಸೊಂಟದವರೆಗೆ ಸ್ವಂತ ಕೂದಲು ಇರುವವನು ನಾನೊಬ್ಬನೇ ಎಂದು ಈ ಪಾತ್ರ ನನಗೆ ಸಿಕ್ಕಿದ್ದು. ಈ ಕೂದಲಿಗಾಗಿಯೇ ಅಪ್ಪ ನನ್ನ ಸಂಗಡ ಮಾತು ಬಿಟ್ಟದ್ದು. ಈಗ ಪಾತ್ರವೂ ಹೋದರೆ ನಾನು ಯಾವ ಕಡೆಯವನು ಹೇಳು.

ಕಾರಣ ಕೇಳಿದರೆ ತಲೆಗೊಂದು ಮಾತು. ಪ್ರಾಯದ ಬಿಸಿ, ಮದುವೆಯಾದರೆ ಇಳಿಯುತ್ತದೆ ಎನ್ನುತ್ತಾರೆ ಹಾರ್ಮೋನಿಯಂ ಮಾಸ್ತರು. ದೃಷ್ಟಿ ತಾಕಿದೆ ಎಂದು ಅಡಿಗೆಯ ಎರ್ರೆಮ್ಮ ಮೆಣಸಿನಕಾಯಿ ಇಳಿ ತೆಗೆದಳು. ಹೊಟ್ಟೆ ಸ್ವಚ್ಛ ಇಲ್ಲ ಎಂದು ಪಂಪಣ್ಣನೂ ಉಪದೇಶ ಮಾಡಿದ. ನನಗೆ ತಲೆ ಕೆಟ್ಟಿದೆ. ನಿನ್ನ ತಂಪಿನ ಎಣ್ಣೆ ಮುಗಿಯುತ್ತಾ ಬಂತು. ಗಾಡಿ ಈ ಕಡೆ ಬರುವಾಗ ಕಳಿಸು. ಮುಖಕ್ಕೆ ಏನು ಹಚ್ಚಬೇಕು ಎಂಬುದನ್ನೂ ಬರೆ.

ನಿನ್ನ ತಮ್ಮ,
ಹಾಲಸ್ವಾಮಿ

ಕಂಪ್ಲಿ,
15 ಮಾರ್ಚ್ 1934

ಹಾಲಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದುತ್ತಾ ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡೆ. ಇಪ್ಪತ್ತು ವರ್ಷದಿಂದ ಮೊಡವೆ ಹೊತ್ತು ತಿರುಗುವ ಅಕ್ಕ ಮನೆಯಲ್ಲಿರುವಾಗ ಹಾರ್ಮೋನಿಯಂ ಬಾರಿಸುವವರನ್ನು ಹೋಗಿ ಕೇಳುತ್ತೀಯಲ್ಲ, ನಿನಗೆ ಬುದ್ಧಿ ಎಲ್ಲಿದೆ?

ಅದು ಉಷ್ಣ, ಬೇರೆ ಏನೂ ಅಲ್ಲ. ರಾತ್ರಿಯೆಲ್ಲ ಗ್ಯಾಸ್ ಲೈಟಿನ ಮುಂದೆ ನಿಲ್ಲುತ್ತೀ, ಖಾರ ತಿನ್ನುತ್ತೀ, ನಿದ್ದೆ ಇಲ್ಲ. ಉಷ್ಣ ತಲೆಗೇರಿ ಮುಖದಲ್ಲಿ ಒಡೆಯುತ್ತದೆ. ತಲೆ ತಂಪಾದರೆ ಮುಖ ತಾನೇ ತಣ್ಣಗಾಗುತ್ತದೆ. ವಾರಕ್ಕೆ ಎರಡು ಸಲ ಹಚ್ಚುತ್ತಿದ್ದ ಎಣ್ಣೆಯನ್ನು ಇನ್ನು ಮೇಲೆ ದಿನಾಲೂ ಹಚ್ಚು. ಬೆಳಿಗ್ಗೆ ಒಮ್ಮೆ, ಮಲಗುವಾಗ ಒಮ್ಮೆ. ಬುಡಕ್ಕೆ ಇಳಿಯುವ ಹಾಗೆ ತಟ್ಟು. ಹಣೆಯ ಮೇಲೆ ಹರಿದರೆ ಹರಿಯಲಿ, ಒರೆಸಬೇಡ. ಅವ್ವ ನನಗೆ ಹಾಗೆಯೇ ಹಚ್ಚುತ್ತಿದ್ದಳು.

ಮುಖಕ್ಕೆ ಜಾಜಿಕಾಯಿಯನ್ನು ಹಾಲಿನಲ್ಲಿ ತೇಯ್ದು ಹಚ್ಚು. ಕೊತ್ತಂಬರಿ ಬೀಜ ಮತ್ತು ಬಜೆ ಅರೆದು ಹಚ್ಚಿದರೂ ಆದೀತು. ಬೇವಿನ ಎಲೆಗೆ ಚಿಟಿಕೆ ಅರಿಶಿನ ಹಾಕಿ ಅರೆದು ಹಚ್ಚು. ಉಗುರಿನಿಂದ ಚಿವುಟಬೇಡ. ಚಿವುಟಿದರೆ ಏನಾಗುತ್ತದೆ ಎಂದು ನನ್ನ ಎಡ ಕಪಾಳದಲ್ಲಿ ನೋಡಿದ್ದೀ.

ಇಷ್ಟು ವರ್ಷ ಎಣ್ಣೆ ಹಚ್ಚಿದರೂ ನಿನಗೆ ಕಡಿಮೆಯಾಗಿಲ್ಲವಲ್ಲ ಎನ್ನಬೇಡ. ಹಚ್ಚದಿದ್ದರೆ ಇನ್ನೂ ಎಷ್ಟು ಏಳುತ್ತಿದ್ದವೋ ಯಾರು ಬಲ್ಲರು.

ಅಪ್ಪನ ಭತ್ತದ ಗಾಡಿ ಹೊಡೆಯುವ ಪಕ್ಕೀರಪ್ಪನ ಕೈಯಲ್ಲಿ ಎರಡು ಬಾಟಲಿ ಕಳಿಸಿದ್ದೇನೆ. ಅಪ್ಪನಿಗೆ ಕಾಣದಂತೆ ಹುಲ್ಲಿನಲ್ಲಿ ಹುದುಗಿಸಿದ್ದೇವೆ. ನಿನ್ನ ಹೆಸರು ಎತ್ತಿದರೆ ಅಪ್ಪ ಈಗಲೂ ಎದ್ದು ಅಂಗಡಿಗೆ ಹೋಗುತ್ತಾನೆ.

ನಿನ್ನ ಅಕ್ಕ,
ಕೊಟ್ರಬಸಮ್ಮ

ಹೊಸಪೇಟೆ,
20 ಏಪ್ರಿಲ್ 1934

ಅಕ್ಕನಿಗೆ ಶರಣು.

ನೀನು ಬರೆದದ್ದನ್ನೆಲ್ಲ ಮಾಡಿದೆ, ಬರೆಯದ್ದನ್ನೂ ಮಾಡಿದೆ. ಜಾಜಿಕಾಯಿ ತೇಯ್ದು ತೇಯ್ದು ಬೆರಳು ಸವೆಯಿತು. ಬಜೆಯ ವಾಸನೆಗೆ ರಾಜನ ಪಾತ್ರದವರು ನನ್ನ ಹತ್ತಿರ ನಿಲ್ಲುತ್ತಿಲ್ಲ. ಬೇವು ಅರಿಶಿನದ ಮೇಲೆ ಸಫೇತಾ ಬಳಿದರೆ ರಾಣಿಗೆ ಕಾಮಾಲೆ ಬಂದಂತಾಯಿತು. ಯಾರೋ ನಿಂಬೆರಸ ಎಂದರು. ಹಚ್ಚಿಕೊಂಡು ಬಿಸಿಲಿಗೆ ಹೋದೆ, ಮೂಗಿನ ಮೇಲಿನ ಚರ್ಮವೇ ಎದ್ದು ಬಂತು. ಎಣ್ಣೆಯನ್ನಂತೂ ದಿನಕ್ಕೆ ಎರಡು ಸಲ ತಪ್ಪಿಸಿಲ್ಲ. ನನ್ನ ದಿಂಬನ್ನು ಹಿಂಡಿದರೆ ದೀಪ ಹಚ್ಚಬಹುದು. ಆದರೂ ಮೊಡವೆ ಮೊದಲಿಗಿಂತ ಜಾಸ್ತಿಯಾಗಿವೆ ಅಕ್ಕ. ಹಣೆಯ ಅಂಚಿನಲ್ಲಿ ಸಾಲಾಗಿ ಎದ್ದಿವೆ.

ಸಾಕಾಗಿ ಸ್ಟೇಷನ್ ರಸ್ತೆಯಲ್ಲಿ ಹೊಸದಾಗಿ ಬಂದಿರುವ ಒಬ್ಬ ಡಾಕ್ಟರ ಹತ್ತಿರ ಹೋದೆ. ಗಂಧಕ ಬೆರೆಸಿದ ಹಳದಿ ಮುಲಾಮು ಕೊಟ್ಟರು. ಕೊಡುವ ಮೊದಲು ನನ್ನ ಹಣೆಯ ಮೇಲೆ ಬೆರಳು ಸವರಿ ಮೂಸಿ ನೋಡಿ, ಇದೇನು ಎಂದು ಕೇಳಿದರು. ಅವ್ವನ ಕಾಲದ ಎಣ್ಣೆ, ತಲೆಗೆ ತಂಪು ಎಂದೆ. "ಮೊದ್ಲು ಇದನ್ನ ಬಿಡಪ್ಪ. ಚರ್ಮದ ತೂತು ಮುಚ್ಚಿ ಕುಂತೈತಿ ಇದು" ಎಂದರು. ಎಣ್ಣೆ ಬಿಟ್ಟರೆ ಒಳಗಿನ ಉಷ್ಣ ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು. ಗೊತ್ತಿರಲಿಕ್ಕಿಲ್ಲ.

ಅವರ ಮುಲಾಮನ್ನೂ ಹಚ್ಚುತ್ತೇನೆ, ನಿನ್ನ ಎಣ್ಣೆಯನ್ನೂ ಹಚ್ಚುತ್ತೇನೆ. ಯಾವುದಾದರೂ ಒಂದು ಹಿಡಿಯಲಿ. ಮೇ ಕಡೆಗೆ ಸಂಡೂರಿಗೆ ಹೊರಡುತ್ತೇವೆ. ಮಾಲೀಕರು ದಿನಾ ಬೆಳಿಗ್ಗೆ ನನ್ನ ಮುಖ ನೋಡಿ ಏನೂ ಹೇಳದೆ ಹೋಗುತ್ತಾರೆ. ಬೈದರೂ ಆಗುತ್ತಿತ್ತು.

ಹಾಲಸ್ವಾಮಿ

ಕಂಪ್ಲಿ,
28 ಏಪ್ರಿಲ್ 1934

ಹಾಲಪ್ಪನಿಗೆ,

ಯಾವ ಊರಿನವನು ಆ ಡಾಕ್ಟರು? ಅವನ ತಲೆಗೆ ಯಾವತ್ತಾದರೂ ಯಾರಾದರೂ ಎಣ್ಣೆ ಹಚ್ಚಿದ್ದಾರೆಯೆ?

ನೀನು ಆಗ ಹಾಲು ಕುಡಿಯುವ ಕೂಸು. ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ, ಒಂದೇ ಸಲ. ಕಡ್ಡಿರಾಂಪುರಕ್ಕೆ ನನ್ನನ್ನು ಕೊಟ್ಟಾಗ ಮುಖದ ಮೇಲೆ ಅಲ್ಲೊಂದು ಇಲ್ಲೊಂದು ಮೊಡವೆ ಇದ್ದವು, ಆ ವಯಸ್ಸಿನ ಎಲ್ಲ ಹುಡುಗಿಯರಿಗೆ ಇರುವ ಹಾಗೆ. ನನ್ನ ಅತ್ತೆ ಒಂದು ವರ್ಷ ನೋಡಿದಳು. ಆಮೇಲೆ ಹತ್ತು ಜನರ ಮುಂದೆ ಹೇಳಿದಳು: "ಈಕಿ ರಕ್ತಾನ ಕೆಟ್ಟೈತಿ. ನಾಳೆ ಹುಟ್ಟೋ ಕೂಸಿಗೂ ಬರ್ತೈತಿ." ನನ್ನ ಕೈ ಹಿಡಿದ ಕಡ್ಡಿರಾಂಪುರದವರು ತಾಯಿಯ ಮಾತಿಗೆ ಎದುರು ಮಾತಾಡಲಿಲ್ಲ. ಮುಖ ವಾಸಿಯಾದ ಮೇಲೆ ಕರೆಸಿಕೊಳ್ಳುತ್ತೇವೆ ಎಂದು ಗಾಡಿ ಹತ್ತಿಸಿದರು.

ಅವ್ವ ಅಳಲಿಲ್ಲ. ಹರಳೆಣ್ಣೆಗೆ ಕೊಬ್ಬರಿ ಎಣ್ಣೆ ಸೇರಿಸಿ, ಗರಗದ ಸೊಪ್ಪು, ದಾಸವಾಳ, ಮೆಂತ್ಯ ಹಾಕಿ ಕಡಾಯಿ ತುಂಬ ಕುದಿಸಿದಳು. ನನ್ನನ್ನು ಕಾಲ ನಡುವೆ ಕೂರಿಸಿಕೊಂಡು ದಿನಾ ಬೆಳಿಗ್ಗೆ ಹಚ್ಚಿದಳು. ವಾಸಿಯಾಗುತ್ತದೆ, ನಿನ್ನನ್ನು ನಾನೇ ಬಿಟ್ಟು ಬರುತ್ತೇನೆ ಎನ್ನುತ್ತಿದ್ದಳು. ವಾಸಿಯಾಗುವ ಮೊದಲೇ ಕಡ್ಡಿರಾಂಪುರದವರು ಇನ್ನೊಂದು ಮದುವೆಯಾದರು. ಅವ್ವ ಆಗಲೂ ಹಚ್ಚುವುದನ್ನು ಬಿಡಲಿಲ್ಲ. ದೊಡ್ಡ ಜ್ವರದ ವರ್ಷ ತಾನು ಮಲಗುವ ದಿನದವರೆಗೂ ಹಚ್ಚಿದಳು. ಆಮೇಲೆ ನಾನೇ ಕುದಿಸಿದೆ, ನಾನೇ ಹಚ್ಚಿಕೊಂಡೆ, ನಿನಗೂ ಹಚ್ಚಿದೆ. ಅವ್ವನದು ಅಂತ ಈ ಮನೆಯಲ್ಲಿ ಉಳಿದದ್ದು ಅದೊಂದೇ.

ಆ ಮುಲಾಮನ್ನು ಎಸೆ. ಪಕ್ಕೀರಪ್ಪ ಇನ್ನೆರಡು ಬಾಟಲಿ ತರುತ್ತಾನೆ.

ಕೊಟ್ರಬಸಮ್ಮ

ಸಂಡೂರು,
14 ಜುಲೈ 1934

ಅಕ್ಕ,

ಕಾಗದ ಬರೆಯದೆ ಇಷ್ಟು ದಿನವಾಯಿತು. ಬರೆಯಲು ಏನಿತ್ತು? ಪಾತ್ರ ಹೋಯಿತು. ಸಂಡೂರಿನ ಮೊದಲ ಆಟದ ದಿನ ಬಣ್ಣದ ಕೋಣೆಗೆ ಹೋದರೆ ರಾಣಿಯ ಸೀರೆ ಪಂಪಣ್ಣನ ಮೈಮೇಲಿತ್ತು. ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಮಾಲೀಕರು ಒಂದು ಈಟಿ ಕೈಗೆ ಕೊಟ್ಟು, ಬಾಗಿಲ ಹತ್ತಿರ ನಿಲ್ಲು ಎಂದರು. ಎರಡು ತಿಂಗಳಿಂದ ಕಾವಲುಗಾರನಾಗಿ ನಿಂತಿದ್ದೇನೆ. ಮಾತಿಲ್ಲ, ಹಾಡಿಲ್ಲ. ಪಂಪಣ್ಣ ನನ್ನ ಹಾಡನ್ನು ಹಾಳು ಮಾಡುವುದನ್ನು ಕೇಳಿಸಿಕೊಂಡು ಸುಮ್ಮನೆ ನಿಲ್ಲಬೇಕು.

ಗಣಿಯಿಂದ ಬರುವ ಗಾಡಿಗಳ ಕೆಂಪು ಧೂಳು ಇಲ್ಲಿ ಅನ್ನದಲ್ಲೂ ಇದೆ, ಹಾಸಿಗೆಯಲ್ಲೂ ಇದೆ. ಮುಲಾಮು ಮುಗಿಯಿತು, ಮತ್ತೆ ತರಿಸಿಲ್ಲ. ಜಾಜಿಕಾಯಿ, ಬಜೆ ಎಲ್ಲ ಬಿಟ್ಟೆ. ಎಣ್ಣೆಯನ್ನೂ ಬಿಟ್ಟೆ. ನಿನ್ನ ಎರಡು ಬಾಟಲಿ ಬಿರಡೆ ತೆಗೆಯದೆ ಪೆಟ್ಟಿಗೆಯಲ್ಲಿವೆ. ಸಿಟ್ಟು ಮಾಡಿಕೋ ಬೇಕಾದರೆ. ರುಮಾಲಿನೊಳಗೆ ಕಟ್ಟಿಟ್ಟ ಕೂದಲಿಗೆ ಎಣ್ಣೆ ಯಾಕೆ?

ಹಾಲಸ್ವಾಮಿ

ಕಂಪ್ಲಿ,
25 ಜುಲೈ 1934

ಹಾಲಪ್ಪ,

ನಿನ್ನ ಮಾಲೀಕನ ಬಾಯಿಗೆ ಆ ಕೆಂಪು ಧೂಳೇ ಬೀಳಲಿ. ಎಷ್ಟು ವರ್ಷ ನಿನ್ನ ದನಿಯಲ್ಲಿ ಉಂಡ ಮನುಷ್ಯ ನಾಲ್ಕು ಮೊಡವೆ ನೋಡಿ ಹೊರಗೆ ಹಾಕುತ್ತಾನೆ ಎಂದರೆ ಅವನಿಗೂ ನನ್ನ ಅತ್ತೆಗೂ ಏನು ಫರಕು?

ಅಪ್ಪನಿಗೆ ಹೇಳಿದೆ. ಈ ಸಲ ಎದ್ದು ಹೋಗಲಿಲ್ಲ. "ಬಂದ್ರ ಬರಲಿ. ಆ ಕೂದಲಾ ತೆಗೆಸಿ ಬರಲಿ" ಎಂದ. ಮನೆಗೆ ಬಾ. ಭತ್ತದ ಅಂಗಡಿಯಲ್ಲಿ ಕೂರುವವನ ಮುಖವನ್ನು ಯಾರೂ ನೋಡುವುದಿಲ್ಲ.

ಬರುವವರೆಗೂ ಎಣ್ಣೆ ಹಚ್ಚಿಕೋ. ಪಾತ್ರಕ್ಕಲ್ಲ, ನಿದ್ದೆಗೆ. ಒಣ ತಲೆಯಲ್ಲಿ ಮಲಗುತ್ತೀ ಎಂದು ನೆನೆದರೆ ನನಗೆ ನಿದ್ದೆ ಬರುತ್ತಿಲ್ಲ.

ಕೊಟ್ರಬಸಮ್ಮ

ಸಂಡೂರು,
7 ಅಕ್ಟೋಬರ್ 1934

ಅಕ್ಕನಿಗೆ ಹಾಲಸ್ವಾಮಿಯ ಶರಣು.

ಈ ಕಾಗದವನ್ನು ಬರೆದು ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ. ಪೂರ್ತಿ ಓದಿದ ಮೇಲೆ ಬೈ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಮಾಲೀಕರು ನಿಂತು ನೋಡಿದರು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಮೊಡವೆ ಹೋಗಿದ್ದವು. ನಾನು ಗಮನಿಸಿಯೇ ಇರಲಿಲ್ಲ, ನೋಡಿಕೊಳ್ಳುವುದನ್ನೇ ಬಿಟ್ಟಿದ್ದೆ. ಪಂಪಣ್ಣನ ಹಾಡಿಗೆ ಜನ ಸಿಳ್ಳೆ ಹೊಡೆಯುತ್ತಿದ್ದುದರಿಂದ ಮಾಲೀಕರೂ ಬೇಸತ್ತಿದ್ದರು. ಪಾತ್ರ ಮರಳಿ ಬಂತು.

ಖುಷಿಗೆ ಅವತ್ತೇ ನಿನ್ನ ಬಾಟಲಿಯ ಬಿರಡೆ ತೆಗೆದೆ. ರಾಣಿಯ ಕೂದಲು ಹೊಳೆಯಬೇಕಲ್ಲ. ದಿನಾ ಹಚ್ಚಿದೆ. ತಿಂಗಳು ತುಂಬುವ ಮೊದಲೇ ಹಣೆಯ ಅಂಚಿನಲ್ಲಿ ಅದೇ ಸಾಲು ಎದ್ದಿತು. ಬಣ್ಣದಿಂದ ಇರಬೇಕು ಎಂದುಕೊಂಡೆ. ಬಣ್ಣದ್ದಾದರೆ ಗಲ್ಲ, ಮೂಗು ಎಲ್ಲ ಕಡೆ ಏಳಬೇಕಿತ್ತು. ಎದ್ದದ್ದು ಎಣ್ಣೆ ಇಳಿಯುವ ಕಡೆ ಮಾತ್ರ. ಡಾಕ್ಟರ ಮಾತು ನೆನಪಾಯಿತು. ನನಗೆ ನಂಬಲು ಮನಸ್ಸಿರಲಿಲ್ಲ, ಅದಕ್ಕೆ ಒಂದು ಹುಚ್ಚಾಟ ಮಾಡಿದೆ. ಬೈತಲೆ ತೆಗೆದು ಎಡಗಡೆಯ ಕೂದಲಿಗೆ ಮಾತ್ರ ಎಣ್ಣೆ ಹಚ್ಚಿದೆ, ಬಲಗಡೆ ಒಣಗಿಸಿ ಬಿಟ್ಟೆ. ಎಡ ಮಗ್ಗುಲಿಗೇ ಮಲಗಿದೆ. ಎರ್ರೆಮ್ಮ ನನಗೆ ಗಾಳಿ ಹಿಡಿದಿದೆ ಎಂದು ಊರಿಗೆಲ್ಲ ಹೇಳಿದಳು. ಎರಡೂ ಕಪಾಳಕ್ಕೆ ಬಣ್ಣ ಒಂದೇ, ಗ್ಯಾಸ್ ಲೈಟು ಒಂದೇ, ತಿಂದದ್ದೂ ಒಂದೇ. ಎಡಗಡೆ ತುಂಬ ಮೊಡವೆ, ಬಲಗಡೆ ಒಂದೂ ಇಲ್ಲ.

ಉಷ್ಣ ಅರ್ಧ ತಲೆಗೆ ಏರುವುದಿಲ್ಲ ಅಕ್ಕ. ಅದು ಎಣ್ಣೆಯಿಂದಲೇ.

ಅವ್ವನ ಮುಖ ನನಗೆ ನೆನಪಿಲ್ಲ. ಆ ಎಣ್ಣೆಯ ವಾಸನೆ ಬಂದರೆ ಅವ್ವ ಬಂದಳು ಎನಿಸುತ್ತದೆ. ಅದನ್ನು ಹೀಗೆ ಬರೆಯುತ್ತಿದ್ದೇನೆ ಎಂದರೆ ನನಗೆ ಎಷ್ಟು ಸಂಕಟವಾಗಿದೆ ಎಂದು ತಿಳಿದುಕೋ. ಇನ್ನು ಮೇಲೆ ನನಗೆ ಎಣ್ಣೆ ಕಳಿಸಬೇಡ.

ಇನ್ನೊಂದು ಮಾತು ಬರೆಯಬೇಕೆಂದಿದ್ದೆ. ನಿನಗೆ ಅದನ್ನು ಹೇಳುವಷ್ಟು ನಾನು ದೊಡ್ಡವನಲ್ಲ.

ನಿನ್ನ ತಮ್ಮ,
ಹಾಲಸ್ವಾಮಿ

ಸಂಡೂರು,
10 ನವೆಂಬರ್ 1934

ಅಕ್ಕ,

ಟಪಾಲಿನವನನ್ನು ದಿನಾ ಕೇಳುತ್ತೇನೆ. ನಿನ್ನಿಂದ ಏನೂ ಇಲ್ಲ. ಬೈದಾದರೂ ಬರೆ.

ನಾನು ಕೂದಲು ತೆಗೆಸಿದೆ. ಒಣಗಿದ ಕೂದಲು ಬಾಚಣಿಗೆಗೆ ಸಿಕ್ಕಿ ಕಿತ್ತು ಬರುತ್ತಿತ್ತು, ಎಣ್ಣೆ ಹಚ್ಚಿದರೆ ಮುಖ ಕೆಡುತ್ತಿತ್ತು. ಉಳಿದವರ ಹಾಗೆ ಟೋಪನ್ ಹಾಕಿಕೊಂಡೇ ರಾಣಿಯಾಗುತ್ತೇನೆ. ಹಾಡು ನಡೆಯುವವರೆಗೆ ಪಾತ್ರ ನಿನ್ನದೇ ಎಂದಿದ್ದಾರೆ ಮಾಲೀಕರು. ಅವತ್ತು ಮಾತ್ರ ಕ್ಷೌರಿಕನ ಮುಂದೆ ಕೂತು ಕೂಸಿನ ಹಾಗೆ ಅತ್ತೆ.

ಸಂಕ್ರಾಂತಿಯ ನಂತರ ಕಂಪನಿ ಕಂಪ್ಲಿಗೆ ಬರುತ್ತದೆ. ನೀನು ನಾಟಕಕ್ಕೆ ಬರುತ್ತೀಯೋ ಇಲ್ಲವೋ ಗೊತ್ತಿಲ್ಲ. ಬಾಗಿಲು ತೆಗೆದರೆ ನಾನೇ ಮನೆಗೆ ಬರುತ್ತೇನೆ.

ಹಾಲಸ್ವಾಮಿ

ಕಂಪ್ಲಿ,
23 ಡಿಸೆಂಬರ್ 1934

ಹಾಲಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಅಕ್ಟೋಬರಿನ ಕಾಗದ ಓದಿ ಅದನ್ನು ಒಲೆಗೆ ಹಾಕಬೇಕೆಂದು ಎದ್ದೆ. ಹಾಕಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಒಂದು ವಾರ ಎರಡರಷ್ಟು ಎಣ್ಣೆ ಹಚ್ಚಿಕೊಂಡೆ. ಆಮೇಲೆ ನೀನು ಬರೆಯದೆ ಬಿಟ್ಟ ಮಾತು ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಬರೆದಿದ್ದರೆ ಜಗಳ ಮಾಡಿ ಮುಗಿಸುತ್ತಿದ್ದೆ.

ಒಂದು ದಿನ ಸೀಗೆಕಾಯಿ ಹಾಕಿ ತಲೆ ತಿಕ್ಕಿ ತಿಕ್ಕಿ ತೊಳೆದೆ. ಮರುದಿನದಿಂದ ಎಣ್ಣೆ ಮುಟ್ಟಲಿಲ್ಲ. ಮೊದಮೊದಲು ತಲೆ ಸಿಡಿಯಿತು. ಬೆಳಿಗ್ಗೆ ಎದ್ದ ಕೂಡಲೇ ಕೈ ತಾನೇ ಬಾಟಲಿಯ ಕಡೆ ಹೋಗುತ್ತಿತ್ತು. ಅವ್ವ ನೋಡುತ್ತಿದ್ದಾಳೆ ಎನಿಸಿ ಕೈ ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದೆ.

ನಾನು ಕನ್ನಡಿ ನೋಡುವವಳಲ್ಲ, ನಿನಗೆ ಗೊತ್ತು. ನನಗೆ ತಿಳಿದದ್ದು ವಿಭೂತಿ ಹಚ್ಚುವಾಗ. ದಿನಾ ಮೂರು ಬೆರಳು ಹಣೆಯ ಮೇಲೆ ಎಳೆದರೆ ಅಲ್ಲಲ್ಲಿ ತಡೆದು ತಡೆದು ಹೋಗುತ್ತಿದ್ದವು. ಅದು ಹಾಗೆಯೇ ಇರುವುದು ಎಂದುಕೊಂಡಿದ್ದೆ. ಈ ತಿಂಗಳು ಒಂದು ಬೆಳಿಗ್ಗೆ ಎಳೆದರೆ ಬೆರಳು ಎಲ್ಲೂ ತಡೆಯದೆ ಈ ಕಡೆಯಿಂದ ಆ ಕಡೆಗೆ ಹೋದವು. ವಿಭೂತಿ ಗಟ್ಟಿ ಕೆಳಗಿಟ್ಟು ಕೂತುಬಿಟ್ಟೆ. ಕಪಾಳದ ಕಲೆ ಹೋಗಿಲ್ಲ, ಅವು ಹೋಗುವುದಿಲ್ಲ. ಹೊಸದು ಒಂದೂ ಎದ್ದಿಲ್ಲ.

ಸಂತೋಷ ಆಗಬೇಕಲ್ಲವೆ? ಆಗಲಿಲ್ಲ. ಎರಡು ದಿನ ಮನೆಯಲ್ಲಿ ಕೈಗೆ ಸಿಕ್ಕ ಪಾತ್ರೆಯನ್ನೆಲ್ಲ ಕುಕ್ಕಿದೆ. ಯಾರ ಮೇಲೆ ಸಿಟ್ಟು ಮಾಡಲಿ ಹೇಳು. ಅತ್ತೆ ಸತ್ತು ಮಣ್ಣಾಗಿದ್ದಾಳೆ. ಕಡ್ಡಿರಾಂಪುರದವರ ಹಿರಿಯ ಮಗನಿಗೆ ಮೀಸೆ ಬಂದಿದೆಯಂತೆ. ಅವ್ವನ ಮೇಲೆ ಮಾಡಲೆ? ಕೈ ನೋಯುವವರೆಗೆ ಹಚ್ಚುತ್ತಿದ್ದಳು, ವಾಸಿಯಾಗಲಿ ವಾಸಿಯಾಗಲಿ ಎನ್ನುತ್ತಲೇ ಹಚ್ಚುತ್ತಿದ್ದಳು. ಮೊಡವೆ ಹೆಚ್ಚಾದರೆ ಎಣ್ಣೆ ಹೆಚ್ಚು, ಎಣ್ಣೆ ಹೆಚ್ಚಾದರೆ ಮೊಡವೆ ಹೆಚ್ಚು. ಇಬ್ಬರೂ ಕೂತು ನನ್ನ ಬಾಳನ್ನು ಕಡಾಯಿಯಲ್ಲಿ ಹಾಕಿ ಕುದಿಸಿದೆವು. ಪ್ರೀತಿಯಿಂದ ಮಾಡಿದಳು, ಅದೇ ನನಗೆ ತಡೆಯಲಾಗದ್ದು. ದ್ವೇಷದಿಂದ ಮಾಡಿದ್ದರೆ ಶಪಿಸಿ ಹಗುರಾಗುತ್ತಿದ್ದೆ.

ಉಳಿದ ಎಣ್ಣೆಯನ್ನು ಪಕ್ಕೀರಪ್ಪನಿಗೆ ಕೊಟ್ಟೆ. ಗಾಡಿಯ ಕೀಲಿಗೆ ಹಾಕಿಕೊಂಡ. ಗಾಡಿ ಸದ್ದಿಲ್ಲದೆ ಓಡುತ್ತದೆ, ಇಂಥ ಎಣ್ಣೆ ಮತ್ತೆ ಇದ್ದರೆ ಕೊಡಿರಿ ಎನ್ನುತ್ತಾನೆ. ಒಂದು ಬಾಟಲಿ ಮಾತ್ರ ಗೂಡಿನಲ್ಲಿ ಇಟ್ಟಿದ್ದೇನೆ. ಹಚ್ಚಲು ಅಲ್ಲ. ನೀನು ಬಂದಾಗ ಬಿರಡೆ ತೆಗೆದು ಮೂಸಿ ನೋಡು.

ನಾಟಕಕ್ಕೆ ಬರುತ್ತೇನೆ. ಮನೆಯ ಬಾಗಿಲು ತೆಗೆದೇ ಇರುತ್ತದೆ. ನೀನು ಕೂದಲು ತೆಗೆಸಿದ ಸುದ್ದಿ ಕೇಳಿ ಅಪ್ಪ, ಅತ್ತನಾ ಎಂದು ಕೇಳಿದ. ಅತ್ತ ಎಂದೆ.

ನಿನ್ನೆಯ ಮಾತು ಬರೆದು ಮುಗಿಸುತ್ತೇನೆ. ಅಪ್ಪ ಊಟಕ್ಕೆ ಕೂತಿದ್ದ. ಸಾರು ಬಡಿಸಲು ಬಗ್ಗಿದಾಗ ನನ್ನ ಸೆರಗು ಹಿಂದೆ ಜಾರಿತು. ಇಷ್ಟು ವರ್ಷ ಹುಬ್ಬಿನವರೆಗೆ ಎಳೆದುಕೊಂಡೇ ಬಡಿಸುತ್ತಿದ್ದೆ, ನಿನ್ನೆ ಎಳೆದುಕೊಳ್ಳಲಿಲ್ಲ. ಅಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದ. ಹೊಸಬರನ್ನು ನೋಡುವ ಹಾಗೆ ನೋಡಿದ.

"ನಿನ್ನ ಮುಖ ಹಿಂಗಿತ್ತೇನಬೇ?" ಎಂದು ಕೇಳಿದ.

"ಹಿಂಗ ಇತ್ತಪ್ಪ" ಎಂದೆ. ಸಾರು ಬಡಿಸಿ ಒಳಗೆ ಹೋದೆ.

ನಿನ್ನ ಅಕ್ಕ,
ಕೊಟ್ರಬಸಮ್ಮ